ಹಾಲಿಗಾಗಿ ಎಮ್ಮೆ ಸಾಕಲು ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಎಮ್ಮೆ ಕಟ್ಟಿ ನಾಲ್ಕು ಕಾಸು ಸಂಪಾದಿಸಬೇಕೆಂದು ಹೊರಟಿರುವ ಹೊಸಬರಿಗೆ ಈ ಸೂಚನೆ. ಕೆಲವರು ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಮರಳಿದವರು, ಕೆಲವರು ಅಡಿಕೆ ತೋಟದ ಜೊತೆಗೆ ಇನ್ನೊಂದು ಆದಾಯ ಹುಡುಕುವವರು. ಈಚೆಗೆ ಮತ್ತೊಂದು ಬಗೆಯ ಹುಡುಗರೂ ಸೇರಿಕೊಂಡಿದ್ದಾರೆ. ಅವರು ಎಮ್ಮೆ ಸಾಕಣೆಯನ್ನು ಮೊದಲು ಕಂಡದ್ದೇ ಕಂಪ್ಯೂಟರ್ ಪರದೆಯಲ್ಲಿ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ಕಂಪನಿ 2024ರ ನವೆಂಬರ್ 12ರಂದು ಹೊರತಂದ 'ಫಾರ್ಮಿಂಗ್ ಸಿಮ್ಯುಲೇಟರ್ 25' ಆಟದಲ್ಲಿ ಭತ್ತದ ಗದ್ದೆಯೂ ಇದೆ, ಎಮ್ಮೆಯೂ ಇದೆ. ಎಮ್ಮೆ ಕೊಂಡು, ಹುಲ್ಲು ಸೈಲೇಜು ಹಾಕಿ, ಹಾಲನ್ನು ಡೈರಿಗೆ ಸಾಗಿಸಿ ಮೊಜರೆಲ್ಲಾ ಚೀಸ್ ಮಾಡಿಸಿದರೆ ಲಾಭ ಕಣ್ಣೆದುರೇ ಏರುತ್ತದೆ.

ಆ ಆಟ ಎರಡು ಒಳ್ಳೆಯ ಪಾಠ ಕಲಿಸುತ್ತದೆ. ಮೇವು ಮೊದಲು, ಪ್ರಾಣಿ ಆಮೇಲೆ. ಬರೀ ಹಾಲಿಗಿಂತ ಹಾಲಿನಿಂದ ಮಾಡಿದ ಪದಾರ್ಥಕ್ಕೆ ಬೆಲೆ ಜಾಸ್ತಿ. ಎರಡನ್ನೂ ಮರೆಯಬೇಡಿ. ಆದರೆ ಬೆದೆ ತಪ್ಪುವುದು, ಗಳಲೆ ರೋಗ, ಗಂಡುಕರು, ಗೊಡ್ಡು ಬಿದ್ದ ಎಮ್ಮೆ, ಈ ನಾಲ್ಕು ಅಲ್ಲಿಲ್ಲ. ಅಲ್ಲಿ ಹಟ್ಟಿಯಲ್ಲಿ ಕೋಣವಿಲ್ಲದೆಯೂ ಕರು ಹುಟ್ಟುತ್ತದೆ. ನಮ್ಮಲ್ಲಿ ಹಣ ಸೋರಿಹೋಗುವುದು ಈ ನಾಲ್ಕು ತೂತುಗಳಿಂದಲೇ.

ಎಮ್ಮೆ ಕೊಳ್ಳುವ ಮುಂಚೆ

ಮೇವಿನ ಹುಲ್ಲನ್ನು ಮೊದಲು ನೆಡಿ. ನೇಪಿಯರ್ ಜಾತಿಯ ಹುಲ್ಲು, ಸಿಒ-3 ಆಗಲಿ ಸಿಒ-4 ಆಗಲಿ, ನೆಟ್ಟು ಮೊದಲ ಕಟಾವಿಗೆ ಬರಲು ಎರಡೂವರೆ ಮೂರು ತಿಂಗಳು ಬೇಕು. ಹಾಲು ಕೊಡುವ ಒಂದು ದೊಡ್ಡ ಎಮ್ಮೆಗೆ ದಿನಕ್ಕೆ 25ರಿಂದ 30 ಕಿಲೋ ಹಸಿಹುಲ್ಲು, 5-6 ಕಿಲೋ ಬೈಹುಲ್ಲು ಬೇಕು. ಹಿಂದೆ ಈ ತಾಲ್ಲೂಕುಗಳಲ್ಲಿ ಮನೆಮನೆಗೂ ಗದ್ದೆ ಇತ್ತು, ಅಂಗಳದ ಬದಿಯಲ್ಲಿ ಹುಲ್ಲಿನ ಮೆದೆ ಇತ್ತು. ಈಗ ಗದ್ದೆಗಳಲ್ಲಿ ಅಡಿಕೆ ಎದ್ದು ನಿಂತಿದೆ, ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತದೆ. ಮೇವಷ್ಟನ್ನೂ ದುಡ್ಡು ಕೊಟ್ಟು ತರುವ ಲೆಕ್ಕದಲ್ಲಿ ಹಟ್ಟಿ ಕಟ್ಟಬಾರದು. ಅಂಥ ಹಟ್ಟಿಯಲ್ಲಿ ದುಡಿಯುವವನು ಎಮ್ಮೆಯ ಯಜಮಾನ, ಉಣ್ಣುವವನು ಲಾರಿಯ ಯಜಮಾನ.

ಅಡಿಕೆ ಹಾಳೆಯನ್ನು ಬಿಸಾಡಬೇಡಿ. ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಬೈಹುಲ್ಲಿನ ಜೊತೆ ಬೆರೆಸಿದರೆ ಎಮ್ಮೆ ತಿನ್ನುತ್ತದೆ. ಅಡಿಕೆ ತೋಟದೊಳಗೆ ಹೈನುಗಾರಿಕೆಯನ್ನು ಹೊಂದಿಸುವ ಬಗೆಯನ್ನು ನಮ್ಮ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ, ಅಂದರೆ ಸಿಪಿಸಿಆರ್‌ಐ ಕೇಂದ್ರದಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಅಲ್ಲಿಗೆ ಹೋಗಿ ಕೇಳಿ, ಕಣ್ಣಾರೆ ನೋಡಿ ಬನ್ನಿ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದ ಹುಲ್ಲನ್ನೂ ಹಾಳೆಯನ್ನೂ ಕೂಡಲೇ ಹಾಕಬಾರದು. ಅದರಲ್ಲಿ ಮೈಲುತುತ್ತಿನ ತಾಮ್ರ ಅಂಟಿಕೊಂಡಿರುತ್ತದೆ. ಸಿಂಪಡಣೆಗೆ ಮೊದಲೇ ಹುಲ್ಲು ಕೊಯ್ದಿಟ್ಟುಕೊಳ್ಳಿ. ರಬ್ಬರ್ ಎಲೆ ಮತ್ತು ಮರಗೆಣಸಿನ ಹಸಿ ಎಲೆ, ಸಿಪ್ಪೆ ಎಮ್ಮೆಯ ಬಾಯಿಗೆ ಸಿಗಲೇಬಾರದು. ಅವುಗಳಲ್ಲಿ ಸಯನೈಡ್ ವಿಷವಿದೆ. ಮರಗೆಣಸಿನ ಗಿಡ ಮೇದ ಜಾನುವಾರು ಗಂಟೆಯೊಳಗೆ ಬಿದ್ದುಹೋದ ಉದಾಹರಣೆ ರಬ್ಬರ್ ಸೀಮೆಯಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ.

ಇನ್ನೊಂದನ್ನು ಕಟ್ಟುನಿಟ್ಟಾಗಿ ಹೇಳಬೇಕು. ಮದುವೆಯಲ್ಲಿ, ನೇಮದಲ್ಲಿ, ಬ್ರಹ್ಮಕಲಶದಲ್ಲಿ ಮಿಕ್ಕ ಅನ್ನವನ್ನು ಬುಟ್ಟಿಗಟ್ಟಲೆ ತಂದು ಎಮ್ಮೆಗೆ ಸುರಿಯಬಾರದು. ಅನ್ನ ಹಾಳಾಗಬಾರದೆಂಬ ಭಾವನೆ ದೊಡ್ಡದು, ಒಪ್ಪೋಣ. ಆದರೆ ಹುಲ್ಲಿಗೆ ಹೊಂದಿಕೊಂಡ ಹೊಟ್ಟೆಯಲ್ಲಿ ಅಷ್ಟೊಂದು ಅನ್ನ ಒಮ್ಮೆಲೇ ಹುಳಿಯುತ್ತದೆ, ಮೆಲುಕು ನಿಲ್ಲುತ್ತದೆ, ಎಮ್ಮೆ ಮಲಗಿದರೆ ಏಳುವುದಿಲ್ಲ. ಮೇ-ಜೂನ್‌ನಲ್ಲಿ ಹಲಸಿನ ಹಣ್ಣನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸಿದರೂ ಅದೇ ಕಥೆ. ದಿನವೂ ಕೊಡುವ ಅಕ್ಕಚ್ಚು ಬೇರೆ, ಇದು ಬೇರೆ.

ಹಿಂಡಿಯ ಲೆಕ್ಕ ಹೀಗಿರಲಿ: ಮೈ ಉಳಿಸಿಕೊಳ್ಳಲು ಒಂದೂವರೆಯಿಂದ ಎರಡು ಕಿಲೋ, ಅದರ ಮೇಲೆ ಕರೆಯುವ ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕಿಲೋ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ. ಹಾಲು ಬತ್ತಿದ ಎಮ್ಮೆಗೆ ಹಿಂಡಿ ನಿಲ್ಲಿಸುವ ಚಾಳಿ ಬೇಡ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ತಿಂದದ್ದೇ ಮುಂದಿನ ಕರಾವಿನಲ್ಲಿ ಹಾಲಾಗಿ ಇಳಿಯುತ್ತದೆ.

ಕೊಳ್ಳುವಾಗ

ಮೊದಲ ವರ್ಷ ಎರಡೇ ಎಮ್ಮೆ. ಐದು ಬೇಡ, ಹತ್ತಂತೂ ಬೇಡವೇ ಬೇಡ. ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ. ನಡುವೆ ಐದಾರು ತಿಂಗಳ ಅಂತರ ಇದ್ದರೆ ಒಂದು ಬತ್ತುವಾಗ ಇನ್ನೊಂದು ಕರೆಯುತ್ತಿರುತ್ತದೆ.

ಹರಿಯಾಣದ ಮುರ್ರಾ ಹೆಸರಿಗೆ ಮರುಳಾಗಿ ಲಾರಿಯಲ್ಲಿ ತರಿಸಬೇಡಿ. ಮುರ್ರಾ ಹೆಚ್ಚು ಹಾಲಿನ ತಳಿ ಎಂಬುದು ನಿಜ. ಆದರೆ ಅಲ್ಲಿನ ಒಣಹವೆಯಲ್ಲಿ ಬೆಳೆದದ್ದು ಇಲ್ಲಿನ ನಾಲ್ಕು ತಿಂಗಳ ಮಳೆಗೆ, ಏಪ್ರಿಲ್‌ನ ಬೆವರಿಳಿಸುವ ಸೆಕೆಗೆ ಒಗ್ಗಿಕೊಳ್ಳುವಷ್ಟರಲ್ಲಿ ಒಂದು ಕರಾವು ಕೈತಪ್ಪುತ್ತದೆ. ಕರ್ನಾಟಕದೊಳಗೇ ಹುಟ್ಟಿ ಬೆಳೆದ ಸುರ್ತಿ, ಧಾರವಾಡಿ ಅಥವಾ ಮುರ್ರಾ ಬೆರಕೆಯ ಎಮ್ಮೆ ಹೊಸಬರಿಗೆ ಸಾಕು. ಎರಡನೆಯ ಕರಾವಿನದ್ದು, ಕರು ಜೊತೆಗಿರುವುದು, ಹಾಕಿ ತಿಂಗಳೊಳಗಿನದ್ದು ನೋಡಿ.

ಮಾರುವವರ ಮನೆಯಲ್ಲಿ ಒಂದು ಹೊತ್ತಿನ ಹಾಲು ನೋಡಿ ಬೆಲೆ ಕಟ್ಟಬಾರದು. ಹಿಂದಿನ ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಯಾವಾಗಲೂ ತುಂಬಿಯೇ ಕಾಣುತ್ತದೆ. ಮೊದಲ ಹೊತ್ತು ಪೂರ್ತಿ ಕರೆಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಂತರದ ಎರಡು ಹೊತ್ತಿನದ್ದನ್ನು ಅಳೆಯಿರಿ. ಬಾಯಿ ಬಿಡಿಸಿ ಹಲ್ಲು ನೋಡಿ. ನಾಲ್ಕೂ ಮೊಲೆಯ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ, ಗರಣೆ ಕಂಡರೆ ಕೆಚ್ಚಲು ಬಾವು ಇದೆಯೆಂದೇ ಅರ್ಥ. ಕರು ಅದರದ್ದೇ ಹೌದೋ ಅಲ್ಲವೋ ತಿಳಿಯಲು ಹಗ್ಗ ಬಿಚ್ಚಿ ಬಿಡಿ. ತಾಯಿ ಮೂಸಿ ನೆಕ್ಕಿದರೆ ಸರಿ, ಒದ್ದರೆ ವ್ಯಾಪಾರ ಬಿಟ್ಟು ಬನ್ನಿ.

ಖರೀದಿ ರಶೀದಿ, ಪಶುವೈದ್ಯರ ಪ್ರಮಾಣಪತ್ರ, ಕಿವಿಯಲ್ಲಿ 12 ಅಂಕಿಯ ಓಲೆ ಇಲ್ಲದೆ ವಾಹನ ಹತ್ತಿಸಬಾರದು. ಚಾರ್ಮಾಡಿಯಲ್ಲಾಗಲಿ ಶಿರಾಡಿಯಲ್ಲಾಗಲಿ ತಡೆದು ಕೇಳಿದಾಗ ಬಾಯಿಮಾತು ನಡೆಯುವುದಿಲ್ಲ. ಅದೇ ಓಲೆ ನಾಳೆ ವಿಮೆಗೂ ಬೇಕು. ಓಲೆ ಬಿದ್ದುಹೋದರೆ ಅದೇ ವಾರ ಹೊಸದು ಹಾಕಿಸಿ.

ಕಂಬಳದ ಆಸೆಗೆ ಬೇಡ

ಇದನ್ನು ಹೇಳದೆ ಬಿಟ್ಟರೆ ಈ ಮೂರು ತಾಲ್ಲೂಕಿನ ಸೂಚನೆ ಪೂರ್ತಿಯಾಗದು. ಬಂಟ್ವಾಳದ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು, ಮೂಡುಬಿದಿರೆಯ ಕಡಲಕೆರೆ, ಎಲ್ಲ ಕಡೆ ಜೋಡುಕರೆ ಕಂಬಳ ನಡೆಯುತ್ತದೆ. ಗಂಡುಕರು ಹುಟ್ಟಿದ ಮನೆಯಲ್ಲಿ 'ಇದನ್ನು ಕಂಬಳಕ್ಕೆ ಮಾಡೋಣ' ಎಂಬ ಮಾತು ಎದ್ದೇ ಏಳುತ್ತದೆ. ಅದನ್ನು ಲಾಭದ ಲೆಕ್ಕದಲ್ಲಿ ಸೇರಿಸಬಾರದು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ, ಯಾವ ವಿಭಾಗದ ಕೋಣವೇ ಆಗಲಿ, ಅದನ್ನು ಸಾಕುವುದು ಮನೆತನದ ಅಭಿಮಾನಕ್ಕೆ, ಹರಕೆಗೆ, ಪ್ರೀತಿಗೆ. ಬೇಯಿಸಿದ ಹುರುಳಿ, ಎಣ್ಣೆಯ ತಿಕ್ಕಾಟ, ಈಜಿಸಲು ಕೆರೆ, ನೋಡಿಕೊಳ್ಳಲು ಆಳು, ಓಡಿಸಲು ನುರಿತವರು, ಇವೆಲ್ಲ ವರ್ಷವಿಡೀ ನಡೆಯಬೇಕು. ಗೆದ್ದರೆ ಬರುವುದು ಚಿನ್ನದ ಪವನು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ವೇಗದ ಲೆಕ್ಕ ಹಾಕಿತು. ಕೋಣ ಸಾಕಿದ ಮನೆಗಳ ಖರ್ಚಿನ ಲೆಕ್ಕ ಕೇಳಿದವರು ಕಡಿಮೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ತಡೆ ಬಿದ್ದು, ಕಾನೂನು ತಿದ್ದುಪಡಿಯಾಗಿ, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯುವ ತನಕ ಆ ಮನೆಗಳು ಕೋಣಗಳನ್ನು ಕೈಬಿಡಲಿಲ್ಲ. ಅದು ವ್ಯಾಪಾರವಾಗಿದ್ದರೆ ಮೊದಲ ವರ್ಷವೇ ಮಾರುತ್ತಿದ್ದರು. ಆ ಪ್ರೀತಿ ಇದ್ದರೆ ಬೇರೆ ದುಡ್ಡಿನಿಂದ ಕೋಣ ಸಾಕಿ, ಹಾಲಿನ ದುಡ್ಡನ್ನು ಮುಟ್ಟಬೇಡಿ.

ಹಟ್ಟಿಯಲ್ಲಿ

ಎಮ್ಮೆಯ ಚರ್ಮ ಕಪ್ಪು, ಬೆವರು ಗ್ರಂಥಿ ಕಡಿಮೆ. ಬಿಸಿಲನ್ನು ಹೀರಿಕೊಳ್ಳುತ್ತದೆ, ಹೊರಗೆ ಹಾಕಲು ಗೊತ್ತಿಲ್ಲ. ಆದ್ದರಿಂದ ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ದಿನಕ್ಕೆ ಎರಡು ಮೂರು ಸಲ ಮೈಗೆ ನೀರು ಹಾಯಿಸಲೇಬೇಕು. ಕೆರೆಯಿದ್ದರೆ ಇನ್ನೂ ಒಳ್ಳೆಯದು. ಕುಡಿಯಲು ದಿನಕ್ಕೆ 60-80 ಲೀಟರ್ ಬೇಕು. ಬೇಸಗೆಯಲ್ಲಿ ಬಾವಿ ಬತ್ತುವ ಜಾಗದಲ್ಲಿ ಎಮ್ಮೆ ಕಟ್ಟುವ ಯೋಚನೆಯನ್ನೇ ಮಾಡಬಾರದು. ತಗಡಿನ ಮಾಡು ತಗ್ಗಿಸಿ ಕಟ್ಟಬೇಡಿ. ತಗಡೇ ಗತಿಯೆಂದಾದರೆ ಮೇಲೆ ಮಡಲು ಹೊದಿಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನೇತ್ರಾವತಿಗಾಗಲಿ ಫಲ್ಗುಣಿಗಾಗಲಿ ಎಮ್ಮೆಗಳನ್ನು ಇಳಿಸಬಾರದು. ಎಮ್ಮೆ ಈಜುತ್ತದೆ ಎಂಬ ಧೈರ್ಯ ಘಟ್ಟದ ನೆರೆಯ ಎದುರು ನಿಲ್ಲದು. ನಿಂತ ಕೊಚ್ಚೆಯಲ್ಲಿ ಮಲಗಿಸುವುದೂ ಬೇಡ. ಅಲ್ಲಿನ ಬಸವನಹುಳುವಿನ ಮೂಲಕ ಪಿತ್ತಜನಕಾಂಗದ ಹುಳ ಹತ್ತುತ್ತದೆ. ಹಟ್ಟಿಯ ನೆಲ ಇಳಿಜಾರಾಗಿರಲಿ, ಗಂಜಳ ನಿಲ್ಲದಿರಲಿ.

ಕರಾವಿನ ವಿಷಯದಲ್ಲಿ ದನ ಕರೆದು ರೂಢಿಯಾದವರೇ ಎಡವುತ್ತಾರೆ. ದನ ಒಂದು ನಿಮಿಷದೊಳಗೆ ಸೊರೆಯುತ್ತದೆ, ಅಂದರೆ ಮೊಲೆಗೆ ಹಾಲು ಇಳಿಸುತ್ತದೆ. ಎಮ್ಮೆಗೆ ಎರಡು ನಿಮಿಷ, ಕೆಲವಕ್ಕೆ ಐದು ನಿಮಿಷಕ್ಕೂ ಮೇಲೆ ಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆಚ್ಚಲು ಒರೆಸಿ, ಕರುವನ್ನು ಒಂದು ಗಳಿಗೆ ಬಿಟ್ಟು ಎಳೆದು, ಮೆಲ್ಲಗೆ ಕೈಯಾಡಿಸುತ್ತ ಕಾಯಿರಿ. ಮೊದಲು ಮೊಲೆ ಸೊರಗಿದ ಹಾಗೆ ಜೋತಿರುತ್ತದೆ. ಇದ್ದಕ್ಕಿದ್ದಂತೆ ಬುಡದಿಂದ ತುದಿಯ ತನಕ ತುಂಬಿ ಬಿಗಿಯಾಗುತ್ತದೆ, ಕೈಗೆ ಅದರ ಬಿಸಿ ತಾಗುತ್ತದೆ. ಆಗ ಹಿಂಡಿ, ಅದಕ್ಕೆ ಮೊದಲಲ್ಲ. ಸೊರೆದ ಮೇಲೆ ನಡುವೆ ನಿಲ್ಲಿಸದೆ ಮುಗಿಸಿ, ಇಡೀ ಅಂಗೈ ಬಳಸಿ. ಹೆಬ್ಬೆರಳು ಮಡಚಿ ಎಳೆದರೆ ಮೊಲೆಯೊಳಗೆ ಗಾಯವಾಗಿ ಬಾವಿಗೆ ದಾರಿಯಾಗುತ್ತದೆ. ಕರೆಯುವವರು ಪದೇಪದೇ ಬದಲಾಗಬಾರದು. ಎಮ್ಮೆ ಕೈಯನ್ನು ಗುರುತಿಟ್ಟುಕೊಳ್ಳುತ್ತದೆ. ಗುರುತಿಲ್ಲದವರು ಹಟ್ಟಿಗೆ ಬಂದು ನಿಂತರೆ ಸೊರೆ ಏರಿಸಿಬಿಡುತ್ತದೆ.

ಹಾಲು ಇಳಿಯಲಿಲ್ಲವೆಂದು ಆಕ್ಸಿಟೋಸಿನ್ ಚುಚ್ಚಬಾರದು. ಪ್ರಾಣಿಯ ಆರೋಗ್ಯಕ್ಕೆ ಕೇಡಾಗುವಂತೆ ಹಾಲಿಗಾಗಿ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕರು ಸತ್ತ ಎಮ್ಮೆಗೂ ಹಿಂಡಿ ಇಟ್ಟು, ಕೈಯಾಡಿಸಿ, ಕೆಲವು ದಿನ ತಾಳ್ಮೆಯಿಂದ ಸೊರೆಸಬಹುದು.

ಬೆದೆ: ಲಾಭ ನಷ್ಟ ತೀರ್ಮಾನವಾಗುವುದು ಇಲ್ಲಿ

ಒಂದು ಲೆಕ್ಕ ಹಾಕಿ. ಒಂದು ಎಮ್ಮೆ ಒಂದು ಕರಾವಿನಲ್ಲಿ 2,000 ಲೀಟರ್ ಕೊಟ್ಟಿತೆನ್ನೋಣ. ಕರುವಿನಿಂದ ಕರುವಿಗೆ 14 ತಿಂಗಳಾದರೆ ಅದರ ಪ್ರತಿ ದಿನದ ಪಾಲು ಸುಮಾರು 4.7 ಲೀಟರ್. ಅದೇ ಅಂತರ 20 ತಿಂಗಳಾದರೆ 3.3 ಲೀಟರ್. ಎಮ್ಮೆ ಅದೇ, ಹಿಂಡಿ ಅದೇ, ಬೆಳಗಿನ ನಿದ್ದೆಗೇಡೂ ಅದೇ. ಹಾಲಿನ ದರ ಎರಡು ರೂಪಾಯಿ ಏರಿತೆಂದು ಸಂತೋಷಪಡುವವರು, ದರ ಇಳಿಯಿತೆಂದು ಬೈಯುವವರು ಈ ಆರು ತಿಂಗಳ ಕಡೆ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಸೂಚನೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಎಮ್ಮೆಯ ಗಬ್ಬದ ಅವಧಿ ಸುಮಾರು 310 ದಿನ. 14 ತಿಂಗಳಿಗೆ ಕರು ಬೇಕೆಂದರೆ ಹಾಕಿದ ಮೂರೂವರೆ ತಿಂಗಳೊಳಗೆ ಗಬ್ಬ ನಿಲ್ಲಬೇಕು. ಕಷ್ಟವಿರುವುದು ಇಲ್ಲಿ. ದನ ಬೆದೆಗೆ ಬಂದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ, ಎಮ್ಮೆ ಎಷ್ಟೋ ಸಲ ಸದ್ದಿಲ್ಲದೆ ಬಂದು ಹೋಗುತ್ತದೆ, ಅದೂ ರಾತ್ರಿಯಲ್ಲಿ, ನಸುಕಿನಲ್ಲಿ. ಆದ್ದರಿಂದ ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ದೀಪ ಹಾಕಿದ ಕೂಡಲೇ ಒಮ್ಮೆ ಹಿಂಬದಿಗೆ ಹೋಗಿ ನೋಡಬೇಕು. ನೆಲದ ಮೇಲೆ ಗಾಜಿನಂಥ ತೆಳು ಲೋಳೆ, ಮತ್ತೆಮತ್ತೆ ಉಚ್ಚೆ, ಹಿಂಡಿಯಲ್ಲಿ ಅರೆಮನಸ್ಸು, ಕಾರಣವಿಲ್ಲದೆ ಅರ್ಧ ಲೀಟರ್ ಕಡಿಮೆಯಾದ ಹಾಲು, ಇವೇ ಗುರುತು. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ತಪ್ಪಿತೋ, 21 ದಿನ ಹೋಯಿತು. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. 'ನಿಂತಿರಬಹುದು' ಎಂಬ ಅಂದಾಜಿನ ಮೇಲೆ ಆರು ತಿಂಗಳು ಮೇವು ಹಾಕಬಾರದು. ಬೇಸಗೆಯಲ್ಲಿ ಬೆದೆ ಕಾಣುವುದೇ ಕಷ್ಟ, ಮಳೆ ಇಳಿದ ಮೇಲಿನ ತಿಂಗಳುಗಳಲ್ಲಿ ಕಣ್ಣಿಟ್ಟಿರಿ.

ಕರು

ಕಸ (ಮಾಸು) ಬೀಳುವ ತನಕ ಕರುವಿಗೆ ಹಾಲು ಕುಡಿಸಬಾರದು ಎಂಬ ಹಳೆಯ ಮಾತನ್ನು ಇವತ್ತೇ ಬಿಡಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗಿಳಿಯಬೇಕು. ಅದು ಕರುವಿನ ಮೊದಲ ಔಷಧ. ಕರು ಮೊಲೆ ಚೀಪಿದರೆ ಕಸ ಬೀಳಲೂ ಸಹಾಯ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರನ್ನು ಕರೆಸಿ, ಕಲ್ಲು ಕಟ್ಟಿ ಎಳೆಯಬೇಡಿ.

ಎಮ್ಮೆಗರುವಿಗೆ ತಾಯಿಯ ಹಾಲಿನ ಮೂಲಕವೇ ದುಂಡುಹುಳ ಹತ್ತುತ್ತದೆ. ಮಣ್ಣಿನ ಬಣ್ಣದ, ನಾತದ ಭೇದಿ, ಉಬ್ಬಿದ ಹೊಟ್ಟೆ, ಒರಟು ಕೂದಲು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ವೈದ್ಯರು ಹೇಳಿದ ಜಂತುಹುಳದ ಔಷಧ ಕೊಡಿಸಿ.

ಗಂಡುಕರುವನ್ನು ಹಾಲಿಲ್ಲದೆ ಕೊರಗಿಸಿ ಸಾಯಿಸುವ ಕ್ರಮ ಕೆಲವೆಡೆ ಇದೆ. ಅದು ಪಾಪವೂ ಹೌದು, ಅಪರಾಧವೂ ಹೌದು. ಲಿಂಗ ವಿಂಗಡಿಸಿದ ವೀರ್ಯ ಮುರ್ರಾಕ್ಕೂ ಬಂದಿದೆ, ಪಶು ಆಸ್ಪತ್ರೆಯಲ್ಲಿ ಕೇಳಿ ಮೊದಲೇ ಹೇಳಿಟ್ಟುಕೊಳ್ಳಿ. ಹಾಗಿದ್ದೂ ಗಂಡು ಹುಟ್ಟಿದರೆ ಅದರ ಖರ್ಚನ್ನು ಲೆಕ್ಕದೊಳಗೆ ಸೇರಿಸಿಯೇ ಹಾಲಿನ ಲಾಭ ನೋಡಬೇಕು. 2021ರ ಜನವರಿ 18ರಿಂದ ಜಾರಿಯಲ್ಲಿರುವ ಕರ್ನಾಟಕದ ಜಾನುವಾರು ಹತ್ಯೆ ತಡೆ ಕಾಯ್ದೆ 13 ವರ್ಷ ತುಂಬದ ಎಮ್ಮೆ ಕೋಣಗಳಿಗೂ ಅನ್ವಯಿಸುತ್ತದೆ. ಗೊಡ್ಡು ಎಮ್ಮೆ ಮಾರಿ ಹೊಸದಕ್ಕೆ ದುಡ್ಡು ಹೊಂದಿಸುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ರಾತ್ರಿ ಬರುವ ವಾಹನಕ್ಕೆ ಮಾರಬಾರದು. ಬತ್ತಿದ ಎಮ್ಮೆ, ಬೆಳೆದ ಕೋಣ ಇಷ್ಟು ವರ್ಷ ನಿಮ್ಮ ಹಟ್ಟಿಯಲ್ಲೇ ತಿನ್ನುತ್ತವೆ ಎಂದು ಒಪ್ಪಿಕೊಂಡೇ ಈ ಕೆಲಸಕ್ಕೆ ಇಳಿಯಿರಿ. ಅವು ಕೊಡುವ ಸಗಣಿಗೆ ಅಡಿಕೆ ತೋಟದಲ್ಲಿ ಬೆಲೆಯಿದೆ. ಹೊರಗಿನಿಂದ ಗೊಬ್ಬರ ತರಿಸಿದ ವರ್ಷದ ಬಿಲ್ಲು ನೋಡಿದರೆ ಆ ಬೆಲೆ ತಿಳಿಯುತ್ತದೆ.

ರೋಗ

ಗಳಲೆ ರೋಗದ ಲಸಿಕೆಯನ್ನು ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಹಾಕಿಸಿ. ಈ ರೋಗ ದನಕ್ಕಿಂತ ಎಮ್ಮೆಗೆ ಮಾರಕ. ಸಂಜೆ ಗಂಟಲು ಊದಿ ಗೊರಗೊರ ಎಂದ ಎಮ್ಮೆ ಬೆಳಗ್ಗೆ ಇಲ್ಲದಾಗಬಹುದು. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ. 'ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ' ಎಂದು ತಂಡದವರನ್ನು ಗೇಟಿನಿಂದಲೇ ಕಳುಹಿಸಬಾರದು. ಇಳಿದ ಹಾಲು ಕೆಲವೇ ದಿನದಲ್ಲಿ ಏರುತ್ತದೆ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಒಮ್ಮೆ. ಕಂದು ಹಾಕಿದ ಎಮ್ಮೆಯ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆ ರೋಗ ಮನುಷ್ಯರಿಗೂ ಬರುತ್ತದೆ. ಪಶು ಆಂಬುಲೆನ್ಸಿನ ಸಂಖ್ಯೆ 1962, ಕರೆ ಉಚಿತ. ಹಟ್ಟಿಯ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ.

ಹಾಲು ಮತ್ತು ಹಣ

ಎಮ್ಮೆ ಹಾಲಿನಲ್ಲಿ ಶೇಕಡಾ 6ರಿಂದ 8 ಕೊಬ್ಬು ಇರುತ್ತದೆ. ದಕ್ಷಿಣ ಕನ್ನಡ ಹಾಲು ಒಕ್ಕೂಟ ದರ ಕೊಡುವುದು ಕೊಬ್ಬು ಮತ್ತು ಘನಾಂಶ ನೋಡಿ. ಎಮ್ಮೆ ತರುವ ಮೊದಲೇ ನಿಮ್ಮೂರ ಸೊಸೈಟಿಯ ಕಾರ್ಯದರ್ಶಿಯ ಬಳಿ ಹೋಗಿ, ಕೊಬ್ಬು ಎಷ್ಟರ ತನಕ ಏರಿದರೆ ದರವೂ ಏರುತ್ತದೆ ಎಂದು ಪಟ್ಟಿ ತೆಗೆಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ಡೈರಿಗೆ ಬರುವುದು ಹೆಚ್ಚಾಗಿ ಮಿಶ್ರತಳಿ ದನದ ಹಾಲು, ವ್ಯವಸ್ಥೆಯೆಲ್ಲ ಅದಕ್ಕೆ ಹೊಂದಿಕೊಂಡಿದೆ. ದನದ ಹಾಲಿಗೆ ಬೆರೆಸುವ ಮೊದಲು ಎರಡು ಬಗೆಯಲ್ಲೂ ಲೆಕ್ಕ ಹಾಕಿ. ನೀರು ಬೆರೆಸಬಾರದು ಎಂದು ಬರೆಯುವುದಕ್ಕೇ ಬೇಸರ, ಆದರೂ ಬರೆಯುತ್ತಿದ್ದೇನೆ.

ಹೆಚ್ಚಿನ ಲಾಭವಿರುವುದು ಗಟ್ಟಿ ಮೊಸರಿನಲ್ಲಿ, ತುಪ್ಪದಲ್ಲಿ. ಬಿ.ಸಿ.ರೋಡ್, ಉಜಿರೆ, ಮೂಡುಬಿದಿರೆ ಪೇಟೆಯ ಹೋಟೆಲು, ಹಾಸ್ಟೆಲುಗಳಲ್ಲಿ ವರ್ಷವಿಡೀ ಕೊಡಬಲ್ಲವರಿಗೆ ಗಿರಾಕಿ ಸಿಗುತ್ತದೆ. ಮೂರು ತಿಂಗಳು ಕೊಟ್ಟು ಎಮ್ಮೆ ಬತ್ತಿತೆಂದು ನಿಲ್ಲಿಸುವವರಿಗೆ ಸಿಗದು. ಹೊರಗೆ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಯೇ ಮಾರಬೇಕು.

ವಾರದ ಕಂತಿನ ಸಾಲದಲ್ಲಿ ಎಮ್ಮೆ ಕೊಳ್ಳಬಾರದು. ಎಮ್ಮೆ ವರ್ಷದಲ್ಲಿ ಹಲವು ತಿಂಗಳು ಹಾಲು ಕೊಡುವುದಿಲ್ಲ, ಕಂತು ಒಂದು ವಾರವೂ ಬಿಡುವುದಿಲ್ಲ. ಬೆಳಗ್ಗೆ ಐದಕ್ಕೆ ಏಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು, ಜ್ವರ ಬಂದ ದಿನ ಅವರ ಬದಲಿಗೆ ಇನ್ನೊಬ್ಬರು ಇರಬೇಕು. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಅಮ್ಮನೇ ಆಗಿರುತ್ತಾರೆ. ಅವರನ್ನು ಕೇಳದೆ, ಅವರ ದುಡಿಮೆಗೆ ಕೂಲಿ ಹಾಕದೆ ಲಾಭ ಎಣಿಸಬಾರದು.

ಒಂದು ನೋಟುಪುಸ್ತಕ ತನ್ನಿ. ಎರಡು ಎಮ್ಮೆಯ ಹಾಲು, ಹಿಂಡಿ, ಬೆದೆ, ಔಷಧ, ಕೂಲಿ, ಎಲ್ಲವನ್ನೂ ಒಂದು ಪೂರ್ತಿ ಕರಾವು ಬರೆಯಿರಿ. ಆ ಪುಸ್ತಕ ನೋಡದೆ ಮೂರನೆಯ ಎಮ್ಮೆಗೆ ಮುಂಗಡ ಕೊಡಬೇಡಿ.